ಸಭಾಧ್ಯಕ್ಷನಿಗೆ ಒಯ್ದ ಚೀಟಿ

ನಾನು ಹನ್ನೊಂದನೆಯ ತರಗತಿಯಲ್ಲಿದ್ದಾಗ, ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ, ಬಹರೈನಿನ ನಮ್ಮ ಶಾಲೆಗೆ ಅಣಕು ಸಂಸತ್ತಿನ ಹುಚ್ಚು ಹಿಡಿಯಿತು. ಮಂತ್ರಿಗಿರಿಯೆಲ್ಲ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕ್ ಅಧಿಕಾರಿಗಳ ಮಕ್ಕಳ ಪಾಲಾಯಿತು. ಉಮ್ ಅಲ್ ಹಸ್ಸಮ್‌ನ ಡ್ರೈವರನ ಮಗಳಾದ ನನಗೆ ಸಿಕ್ಕಿದ್ದು ಪೇಜ್ ಕೆಲಸ. ಅಂದರೆ ಸದಸ್ಯರ ಚೀಟಿಗಳನ್ನು ಸಭಾಧ್ಯಕ್ಷನ ಮೇಜಿಗೆ ಒಯ್ಯುವುದು. ಅದಕ್ಕಾಗಿ ಫಿಸಿಕ್ಸ್ ಪಾಠ ಬಿಟ್ಟು ವಾರಗಟ್ಟಲೆ ತಾಲೀಮು. ನಡೆಯಲಿಕ್ಕೂ ತಾಲೀಮು!

ಆ ಸಂಸತ್ತಿನ ಪ್ರಶ್ನೆ, ಉತ್ತರ, ಗದ್ದಲ ಎಲ್ಲವನ್ನೂ ಒಬ್ಬರೇ ಟೀಚರ್ ಬರೆದಿದ್ದರು. ಪೇಜ್ ತಂದ ಚೀಟಿಯನ್ನು ಸಭಾಧ್ಯಕ್ಷ ಓದಬೇಕು, ಮಂತ್ರಿ ಎದ್ದು ಬಾಯಿಪಾಠ ಒಪ್ಪಿಸಬೇಕು, ಉಳಿದವರು ಮೇಜು ಕುಟ್ಟಬೇಕು. ನಾನೂ ಒಂದು ಪ್ರಶ್ನೆ ಬರೆದುಕೊಟ್ಟೆ: ಕೊಲ್ಲಿಯಲ್ಲಿ ದುಡಿಯುವ ನಮ್ಮವರ ಪಾಸ್‌ಪೋರ್ಟ್‌ಗಳನ್ನು ಮಾಲಕರು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ, ಸರಕಾರ ಏನು ಮಾಡುತ್ತಿದೆ? ಟೀಚರ್ ಮುಖ ಸಿಂಡರಿಸಿದರು. "ಚೀಫ್ ಗೆಸ್ಟ್ ದೊಡ್ಡ ಕಾಂಟ್ರಾಕ್ಟರ್ ಕಣಮ್ಮಾ. ಈರುಳ್ಳಿ ರೇಟ್ ಕೇಳೋಣ, ಸೇಫ್."

ಆ ಕಾಂಟ್ರಾಕ್ಟರೇ ನನ್ನ ಬಾಪನ ಧಣಿ. ಊರಲ್ಲಿ ಅಜ್ಜಿ, ಬಾಪನ ತಾಯಿ, ಹಾಸಿಗೆ ಹಿಡಿದಿದ್ದರು. ಬಾಪನ ಪಾಸ್‌ಪೋರ್ಟ್ ಧಣಿಯ ಕಪಾಟಿನಲ್ಲಿತ್ತು. "ಕೇಳಿದ್ದೇನೆ ಮಗಳೇ, ಕೊಡ್ತಾರಂತೆ. ಅವ್ರಿಗೂ ಪುರುಸೊತ್ತು ಬೇಕಲ್ಲ," ಎನ್ನುತ್ತಿದ್ದರು ಬಾಪ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಾರ್ಯಕ್ರಮದ ದಿನ ಈರುಳ್ಳಿಯ ಚೀಟಿಯನ್ನು ಕಿಸೆಗೆ ತುರುಕಿ ನನ್ನ ಪ್ರಶ್ನೆಯನ್ನೇ ಒಯ್ದು ಕೊಟ್ಟೆ. ಹೇಳಿಕೊಟ್ಟದ್ದನ್ನು ಬಿಟ್ಟು ಬೇರೇನೂ ಮಾಡಲು ಬಾರದ ಸಭಾಧ್ಯಕ್ಷ ಅದನ್ನು ಗಟ್ಟಿಯಾಗಿ ಓದಿದ. ಮಂತ್ರಿ ಎದ್ದ. ಪಾಪ, ಅವನಿಗೆ ಬಾಯಿಪಾಠವಾಗಿದ್ದು ಈರುಳ್ಳಿ ಮಾತ್ರ. "ಹಡಗಿನಲ್ಲಿ ತರಿಸುತ್ತಿದ್ದೇವೆ, ಹಬ್ಬದೊಳಗೆ ಬೆಲೆ ಇಳಿಯುತ್ತದೆ," ಎಂದು ಎದೆಯುಬ್ಬಿಸಿ ಹೇಳಿದ. ಉಳಿದ ಪಂಡಿತರು ಮೇಜು ಕುಟ್ಟಿದರು. ತುಂಬಿದ ಸಭಾಂಗಣದಲ್ಲಿ ಒಬ್ಬರಿಗೂ ಏನೂ ವಿಚಿತ್ರ ಅನ್ನಿಸಲಿಲ್ಲ.

ಕೊನೆಗೆ ಧಣಿ ಮೈಕು ಹಿಡಿದರು. "ಪಾಸ್‌ಪೋರ್ಟಿನ ಪ್ರಶ್ನೆ ಭಾರೀ ಲಾಯ್ಕಾಯ್ತು. ಅಂಥ ಕೆಲಸ ಮಾಡುವವರು ನಮ್ಮ ಸಮಾಜಕ್ಕೇ ನಾಚಿಕೆ!" ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನಮ್ಮ ಟೀಚರ್. ಇಷ್ಟು ಜನರೆದುರು ಹೇಳಿದ ಮೇಲೆ ಧಣಿ ಕೊಡದೆ ಎಲ್ಲಿಗೆ ಹೋಗುತ್ತಾರೆ ಎಂದುಕೊಂಡೆ. ಹೊರಗೆ ಬಾಪ ಕಾರಿನ ಬಾಗಿಲು ತೆರೆದು ನಿಂತಿದ್ದರು. "ಮಕ್ಕಳು ಒಳ್ಳೆ ಮಾತಾಡಿದ್ರು ಮಾರಾಯ," ಎನ್ನುತ್ತ ಧಣಿ ಹಿಂದಿನ ಸೀಟಿನಲ್ಲಿ ಕುಳಿತರು.

ಪಾಸ್‌ಪೋರ್ಟ್ ಬಂತು, ಅಜ್ಜಿ ತೀರಿಕೊಂಡ ಮರುದಿನ. ಧಣಿಯೇ ನಮ್ಮ ಫ್ಲ್ಯಾಟಿಗೆ ಬಂದು ಸೋಫಾದ ಮೇಲೆ ಕುಳಿತು ಬಾಪನ ಕೈಗಿಟ್ಟರು. "ದಫನ ಆಯ್ತಲ್ಲ, ಇನ್ನೇನು ಅರ್ಜೆಂಟ್ ಇಲ್ಲ. ಈದ್ ಕಳೆದು ಆರಾಮದಲ್ಲಿ ಹೋಗು."

ಬಾಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನನ್ನತ್ತ ತಿರುಗಿದರು. "ಧಣಿಗೆ ಚಾ ತಾ ಮಗಳೇ."

ನಾನು ಏಳಲಿಲ್ಲ.