ಅತ್ತೆಯ ಒಂದು ಭೇಷ್

ಮೈಸೂರಿನಲ್ಲಿ ಯಾವ ಸಂಗೀತ ಕಚೇರಿಯಿದ್ದರೂ ನಮ್ಮತ್ತೆ ಮುಂದಿನ ಸಾಲಿನಲ್ಲೇ ಕೂರುವವರು. ಮನಸ್ಸಿಗೆ ಹಿಡಿಸಿದರೆ ಗಟ್ಟಿಯಾಗಿ "ಭೇಷ್!" ಎನ್ನುವುದು ಅವರ ರೂಢಿ. ನನ್ನ ಪಿಟೀಲಿಗೆ ಮಾತ್ರ ಮದುವೆಯಾದಾಗಿನಿಂದ ಒಂದು ಭೇಷ್ ಬಿದ್ದಿರಲಿಲ್ಲ. ನಾನೂ ಬಿಗುಮಾನದವಳೇ, ಕಾಯುತ್ತಿದ್ದೆ.

ಆಮೇಲೆ ನಾವು ಕೆಲಸಕ್ಕೆಂದು ಪರದೇಶಕ್ಕೆ ಬಂದೆವು; ಇಲ್ಲಿ ಡಾಟ್‌ಕಾಂ ಕಂಪನಿಗಳು ಹುಚ್ಚೆದ್ದು ಬೆಳೆಯುತ್ತಿದ್ದ ಕಾಲ. ಆಫೀಸಿನಲ್ಲಿ ಗಿಟಾರು ನುಡಿಸುವವನೊಬ್ಬ, ತನ್ನ ಬ್ಯಾಂಡಿನ ಆಲ್ಬಮ್ಮಿಗೆ ಪಿಟೀಲು ಬೇಕು ಎಂದು ಗಂಟುಬಿದ್ದ. ಎಕ್ಸ್‌ಪೆರಿಮೆಂಟಲ್ ರಾಕ್ ಅಂತೆ. ಎಮರಿವಿಲ್ಲಿನ ಹಳೇ ಗೋದಾಮಿನಲ್ಲಿ ರೆಕಾರ್ಡಿಂಗು. ಹಾಡಿಗೆ ಮಾತಿಲ್ಲ, ತಂತಿಗೆ ಚಮಚ ಉಜ್ಜುವುದು, ಕಬ್ಬಿಣದ ಸರಪಳಿ ಎಳೆದಾಡುವುದು, ಜೊತೆಗೆ ಡ್ರಮ್ಮು ಬಾರಿಸುವವನೊಬ್ಬ. ನಾನು ಕುರ್ಚಿಯಲ್ಲಿ ಕೂತು ನುಡಿಸಲಾರೆ ಎಂದಾಗ, ಪಾಪ, ಬ್ಯಾಂಡಿನ ಗಿಟಾರಿನವರೆಲ್ಲ ನನ್ನ ಜೊತೆ ನೆಲಕ್ಕೇ ಕೂತರು, ನನ್ನ ಶ್ರುತಿಗೇ ತಮ್ಮ ತಂತಿಗಳನ್ನು ಹೊಂದಿಸಿಕೊಂಡರು. ಆಫೀಸಿನ ಯಾವ ಮೀಟಿಂಗಿನಲ್ಲೂ ನನಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಕೊನೆಯ ದಿನ ಅತ್ತೆಯೂ ಬಂದರು. ಮೈಸೂರಿನಿಂದ ಬಂದವರಿಗೆ ಸರಟೋಗಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಕೂತು ತಲೆ ಚಿಟ್ಟು ಹಿಡಿದಿತ್ತು. ಮೂಲೆಯಲ್ಲಿ ಶಾಲು ಹೊದ್ದು ಕೂತು, "ಇದೇನೇ, ಪಾತ್ರೆ ತೊಳೀತಿದಾರಾ?" ಎಂದರು. ನಾನು ಹೆಡ್‌ಫೋನು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ನುಡಿಸಿದೆ. ಮುಗಿಸಿ ಕಣ್ಣು ಬಿಟ್ಟರೆ ರೆಕಾರ್ಡಿಂಗಿನವನು ತಲೆ ಮೇಲೆ ಕೈ ಹೊತ್ತು ಕೂತಿದ್ದ. ನಡುವೆ ಎಲ್ಲೋ ಅತ್ತೆ "ಭೇಷ್!" ಅಂದಿದ್ದರು, ಅದೂ ರೆಕಾರ್ಡಾಗಿತ್ತು. ಇನ್ನೊಮ್ಮೆ ನುಡಿಸೋಣವೆಂದರೆ ಗೋದಾಮು ಯಾವುದೋ ಡಾಟ್‌ಕಾಂ ಕಂಪನಿಯ ಪಾಲಾಗಿ, ಅವರ ಮೇಜುಗಳನ್ನು ಹೊತ್ತ ಲಾರಿ ಹೊರಗೆ ಬಂದು ನಿಂತಿತ್ತು. ಇರಲಿ ಬಿಡಿ ಎಂದ ಗಿಟಾರಿನವನು.

ಮಗಳ ಡೇಕೇರು ಮುಚ್ಚುವ ಹೊತ್ತಾಗಿತ್ತು. ರೆಕಾರ್ಡಾದದ್ದನ್ನು ಕೇಳದೆಯೇ ಹೊರಟೆವು. ಫ್ರೀವೇ ಹತ್ತಿದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಅತ್ತೆ, ಭೇಷ್ ಅಂದ್ರಂತೆ?"

"ಹೂಂ, ಆ ಡ್ರಮ್ಮಿನವನಿಗೆ ಕಣೇ. ಏನು ಲಯ ಅವನದು!"

ಮೈಯೆಲ್ಲ ಉರಿದುಹೋಯಿತು. ಸೀಡಿ ಮನೆಗೆ ಬಂದರೂ ನಾನು ಕೇಳಲಿಲ್ಲ.

ಆಗ ಅದನ್ನು ಕೇಳಿದವರೇ ಬೆರಳೆಣಿಕೆಯಷ್ಟು ಜನ. ಕಂಪನಿಗಳು ಮುಳುಗಿದವು, ಬ್ಯಾಂಡೂ ಚೆದುರಿತು. ಎಷ್ಟೋ ವರ್ಷಗಳ ಮೇಲೆ ಆ ಆಲ್ಬಮ್ಮು ಹೇಗೋ ಇಂಟರ್ನೆಟ್ಟಿನಲ್ಲಿ ಈಗಿನ ಹುಡುಗರ ಕೈಗೆ ಸಿಕ್ಕು, ಆ ಕೂಗು ಯಾರದೆಂದು ಅವರು ವಾದ ಮಾಡುವಷ್ಟು ಹೆಸರಾಯಿತು. ಅಷ್ಟರಲ್ಲಿ ಅತ್ತೆ ತೀರಿಹೋಗಿದ್ದರು.

ಮೊನ್ನೆ ಲಿವರ್‌ಮೋರ್ ದೇವಸ್ಥಾನದಿಂದ ಬರುವಾಗ, ಕಾರು ಓಡಿಸುತ್ತಿದ್ದ ಮಗಳು ಅದನ್ನೇ ಹಾಕಿದಳು. ಡ್ರಮ್ಮಿನವನ ಕಥೆ ಹೇಳಿ ಹೇಳಿ ನಾನು ಅವಳ ತಲೆ ತಿಂದಿದ್ದೆ. ಅಜ್ಜಿಯ ದನಿ ಬಂದ ಕೂಡಲೇ ಹಾಡನ್ನು ಹಿಂದಕ್ಕೆ ಸರಿಸಿ ಮತ್ತೆ ಹಾಕಿದಳು.

"ಅಮ್ಮಾ, ಲಿಸನ್. ನೋ ಡ್ರಮ್ಸ್ ಹಿಯರ್. ಇಟ್ಸ್ ಜಸ್ಟ್ ಯೂ."

ನಿಜ. ಡ್ರಮ್ಮು ನಿಂತುಹೋಗಿತ್ತು, ಸರಪಳಿಯೂ ಸುಮ್ಮನಾಗಿತ್ತು. ನನ್ನ ಪಿಟೀಲೊಂದೇ ತಾರಸ್ಥಾಯಿಗೆ ಏರುತ್ತಿತ್ತು. ಅಲ್ಲಿಯೇ ಅತ್ತೆ ಭೇಷ್ ಎಂದಿದ್ದರು.

ಎಂಥ ಹಠಮಾರಿ ಹೆಂಗಸಪ್ಪ! ಮಗಳ ಪಕ್ಕದಲ್ಲಿ ಕೂತು ಗೊಳೋ ಎಂದು ಅತ್ತುಬಿಟ್ಟೆ. ಆಮೇಲೆ ಮೂಗು ಒರೆಸಿಕೊಂಡು, "ಇನ್ನೊಂದ್ಸಲ ಹಾಕೇ" ಎಂದೆ.