ವಕೀಲರು ಕೊಯ್ಸಿದ ಕಾರು

ಹೋದ ವಾರ ಮನೆಯ ಗೇಟಿನ ಕೆಳಗಿನ ಪಟ್ಟಿ ತುಕ್ಕು ಹಿಡಿದಿದೆಯೆಂದು ವೆಲ್ಡಿಂಗಿನವನನ್ನು ಕರೆಸಿದ್ದೆ. ಅವನು ಕಟರ್ ಹಚ್ಚಿದ. ಕಿಡಿಗಳು ಹಾರಿದವು, ಹಳೆಯ ಬಣ್ಣ ಸುಟ್ಟ ವಾಸನೆ ಅಂಗಳವನ್ನೆಲ್ಲ ತುಂಬಿತು. ಗಂಟಲಲ್ಲಿ ಕೂತು ಕಹಿಯಾಗುವ ವಾಸನೆ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆದರೂ ಆ ವಾಸನೆಯ ಬೆನ್ನಿಗೇ ನಮ್ಮ ವಕೀಲರು ನೆನಪಿಗೆ ಬಂದುಬಿಟ್ಟರು… ಬಿಳಿ ಜುಬ್ಬಾ, ಅತ್ತರು, ಎದೆಯ ಮುಂದೆ ಸದಾ ಅರ್ಧ ಮುಗಿದ ಕೈ. ಕರೆಯದೆ ಬರುವುದು ಅವರಿಗೆ ಮೊದಲಿನಿಂದಲೂ ರೂಢಿ.

ಬೈಲಹೊಂಗಲದ ಹೆಣ್ಣುಮಕ್ಕಳ ಹೈಸ್ಕೂಲಿಗೆ ಶಿಕ್ಷಕಿಯಾಗಿ ಹೊಸದಾಗಿ ಬಂದಾಗ ನಾನು ಅವರ ವಾಡೆಯ ಮುಂದಿನ ಎರಡು ಖೋಲಿಗಳಲ್ಲಿ ಬಾಡಿಗೆಗಿದ್ದೆ. ವಾಡೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಅಣ್ಣ ಡಾಕ್ಟರು, ಎತ್ತರದ ಆಳು, ಮಾತು ಕಡಿಮೆ. ತಮ್ಮ ವಕೀಲರು. ಕೋರ್ಟಿನಲ್ಲಿ ಅವರ ವಾದ ಕೇಳಿದವರು ನನಗೆ ಯಾರೂ ಸಿಗಲಿಲ್ಲ. ಸತ್ಕಾರ ಸಮಾರಂಭಗಳಲ್ಲಿ ಅವರ ಭಾಷಣ ಕೇಳದೆ ತಪ್ಪಿಸಿಕೊಂಡವರೂ ಸಿಗಲಿಲ್ಲ. ಅವರು ದುಡ್ಡಿನ ಆಸೆಯವರಾಗಿದ್ದರೆ ನಾನು ಅರ್ಥ ಮಾಡಿಕೊಳ್ಳುತ್ತಿದ್ದೆ. ಅವರಿಗೆ ಬೇಕಾಗಿದ್ದದ್ದು ಕಾಣಿಸಿಕೊಳ್ಳುವುದು. ಸಾವಿನ ಮನೆಗೆ ಹೋದರೂ ಹೆಣದ ತಲೆಯ ಕಡೆಗೇ ನಿಲ್ಲುತ್ತಿದ್ದರು, ಫೋಟೋ ಅಲ್ಲಿಂದ ಚೆನ್ನಾಗಿ ಬರುತ್ತದೆಂದು.

ಡಾಕ್ಟರಿಗೆ ಇದ್ದ ಒಂದೇ ಚಟ ಅವರ ಕಾರು. ಬೆಳಗಾವಿಯ ಮಿಲಿಟರಿ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ಮಾರಿದ ವಿಲಾಯತಿ ಗಾಡಿ ಅದು. ಎರಡೇ ಬಾಗಿಲು, ತಗ್ಗಾದ ಮೈ, ಎಂಜಿನ್ನು ಹಿಂದೆ. ಮುಂದಿನ ಗಾಜಿನ ಮೇಲಿಂದ ಹಿಂದಿನ ತನಕ ಒಂದೇ ಗೆರೆಯಲ್ಲಿ ಇಳಿದುಹೋಗುವ ಛಾವಣಿ. ಅಂಥ ಓಟದ ಗಾಡಿಯನ್ನು ಕೂಪೆ ಎನ್ನುತ್ತಾರೆಂದು ಡಾಕ್ಟರೇ ಹೇಳಿಕೊಟ್ಟಿದ್ದರು. ಕಡುನೀಲಿ ಬಣ್ಣ. ನಿಂತಲ್ಲೇ ಹೊರಟುಬಿಟ್ಟಂತೆ ಕಾಣುತ್ತಿತ್ತು.

ಆ ಕಾರನ್ನು ಹೆಚ್ಚು ಓಡಿಸುತ್ತಿದ್ದವರು ಡಾಕ್ಟರಲ್ಲ, ಅವರ ಹೆಂಡತಿ. ವಕೀಲರಿಗೆ ಅತ್ತಿಗೆಯಾದ್ದರಿಂದ ಅವರು ‘ವೈನಿ’ ಎನ್ನುತ್ತಿದ್ದರು; ಕೇಳಿ ಕೇಳಿ ನಾನೂ ಹಾಗೇ ಕರೆಯುತ್ತಿದ್ದೆ. ಮಕ್ಕಳಿಲ್ಲದ ಆ ದಂಪತಿಗಳು ಸಂಜೆ ಊರ ಹೊರಗೆ ಹೋಗಿ ಗಾಡಿ ಕಲಿತು ಕಲಿಸಿ ಮಾಡಿದ್ದರು. ಊರು ಮೊದಲು ಬಾಯಿ ತೆರೆದು ನೋಡಿತು, ಆಮೇಲೆ ರೂಢಿಯಾಯಿತು. ರವಿವಾರ ವೈನಿ ನನ್ನನ್ನೂ ಕೂಡಿಸಿಕೊಂಡು ಮುನವಳ್ಳಿಯ ಕಡೆಗೆ, ಮಲಪ್ರಭೆಯ ನೀರು ಕಾಣುವ ತನಕ ಹೋಗಿಬರುತ್ತಿದ್ದರು. ವಾಡೆಯೊಳಗೆ ಅವರ ದನಿ ಕೇಳಿದ್ದು ಕಡಿಮೆ. ಸ್ಟೇರಿಂಗ್ ಹಿಡಿದರೆ ಮಾತ್ರ ಬೇರೆಯೇ ಹೆಣ್ಣುಮಗಳು.

“ಅಕ್ಕೋರ, ಕಿಡಕಿ ಪೂರಾ ಇಳಸ್ರಿ. ನಿಮ್ಮ ಸಾಲ್ಯಾಗಿನ ಧೂಳೆಲ್ಲ ಹಾರಿಹೋಗ್ಲಿ,” ಎಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ಡಾಕ್ಟರು ದವಾಖಾನೆಯ ಕುರ್ಚಿಯಲ್ಲಿ ಕೂತಂತೆಯೇ ಹೋಗಿಬಿಟ್ಟರು. ದಿನಕರ್ಮ ಮುಗಿಯುವ ಮೊದಲೇ ಕಾರಿನ ಕೀಲಿ ವಕೀಲರ ಜುಬ್ಬಾದ ಕಿಸೆ ಸೇರಿತ್ತು. ಕೆಲವು ದಿನ ಬಿಟ್ಟು ವೈನಿ ಅದನ್ನು ಕೇಳಿದರು. ವಕೀಲರು ತಲೆ ತಗ್ಗಿಸಿ, ಬಹಳ ನೊಂದವರ ಹಾಗೆ ಹೇಳಿದರು:

“ವೈನಿ, ಇನ್ನ ನೀವು ಗಾಡಿ ಹೊಡದ್ರ ಮಂದಿ ಏನಂದಾರು? ನಾ ಊರಾಗ ಮಾರಿ ತೋರಸೂದರ ಹೆಂಗ?”

ಮಾರಿ ತೋರಿಸುವುದೊಂದನ್ನು ಬಿಟ್ಟು ಬೇರೆ ಏನನ್ನೂ ಮಾಡದ ಮನುಷ್ಯ ಆಡಿದ ಮಾತು ಇದು. ಅವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ.

ಆ ವರ್ಷ ಕಿತ್ತೂರಿನಲ್ಲಿ ಅವರ ಪಕ್ಷದ ಸಮಾವೇಶ. ವಕೀಲರು ಸ್ವಾಗತ ಸಮಿತಿಯ ಅಧ್ಯಕ್ಷರು. ಬೆಂಗಳೂರಿನಿಂದ ಬರುವ ಮುಖ್ಯ ಅತಿಥಿಯನ್ನು ತಮ್ಮದೇ ಕಾರಿನಲ್ಲಿ, ಜೊತೆಗೆ ನಿಂತುಕೊಂಡು, ಮೆರವಣಿಗೆಯಲ್ಲಿ ಕರೆದೊಯ್ಯಬೇಕು ಎನ್ನುವ ಹುಚ್ಚು ತಲೆಗೆ ಹತ್ತಿತು. ಕೂಪೆಯೊಳಗೆ ನಿಲ್ಲುವುದು ಹೇಗೆ? ಹಾಗಾದರೆ ಛಾವಣಿ ತೆಗೆದು ಕನ್ವರ್ಟಿಬಲ್ ಮಾಡಿಸಿದರಾಯಿತು. ಆ ಶಬ್ದವನ್ನು ಎಲ್ಲಿ ಕಲಿತರೋ, ವಾರವೆಲ್ಲ ಅದನ್ನೇ ಬಾಯಲ್ಲಿ ಅಡಿಕೆಯಂತೆ ಹೊರಳಿಸುತ್ತಿದ್ದರು. ರಾಮದುರ್ಗದಿಂದ ಕಬ್ಬಿನ ಟ್ರೇಲರ್ ಮಾಡುವ ವೆಲ್ಡರೊಬ್ಬನನ್ನು ಕರೆಸಿದರು. ಅವನೂ ವಕೀಲರಂಥವನೇ, ಗೊತ್ತಿಲ್ಲ ಎನ್ನುವ ಮಾತು ಬಾರದವನು. ನಾನು ಕಟ್ಟೆಯ ಮೇಲೆ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ.

“ಒಳಗ ಕುಂತ್ರ ಯಾರಿಗೆ ಕಾಣ್ತೇವಿ? ಎರಡೂ ಕಡೆ ಕೈ ಮುಗಕೋಂತ ಹೋಗಬೇಕು, ಹಂಗ ಓಪನ್ ಮಾಡು,” ಎಂದರು ವಕೀಲರು.

“ಆತಲ್ರಿ ಸಾಹೇಬ್ರ. ಟೊಪಗಿ ತಗದಂಗ ತಗದ ಕೊಡತೇನಿ. ಮಳಿಗೆ ತಾಡಪತ್ರಿದು ಹುಡ್ ಮಾಡೂಣು, ಬ್ಯಾಡಂದಾಗ ಮಡಚಿ ಇಡಬೌದು,” ಎಂದ ವೆಲ್ಡರ್.

ವೈನಿ ಹೊಸ್ತಿಲಿಗೆ ಬಂದು ನಿಂತರು. “ಅದು ಟೊಪಗಿ ಅಲ್ಲಪಾ, ಬೆನ್ನು. ಈ ಗಾಡಿಗೆ ಕೆಳಗ ಬ್ಯಾರೆ ಚಾಸಿ ಇಲ್ಲ, ಮ್ಯಾಲಿಂದು ಕೆಳಗಿಂದು ಒಂದಕ್ಕೊಂದು ಹಿಡಕೊಂಡ ನಿಂತಾವು ಅಂತ ನಿಮ್ಮಣ್ಣ ಹೇಳತಿದ್ರು. ಕೊಯ್ದ್ರ ನಡು ಮುರೀತೈತಿ.”

“ವೈನಿ, ಒಳಗ ಹಾಲು ಉಕ್ಕಾಕ ಹತ್ತೇತೇನ ನೋಡ್ರಿ,” ಎಂದು ವಕೀಲರು ನಕ್ಕರು. ವೆಲ್ಡರನೂ ನಕ್ಕ.

ಮರುದಿನ ಕೊಯ್ದರು. ವಾಡೆಯೆಲ್ಲ ಬಣ್ಣ ಸುಟ್ಟ ವಾಸನೆ. ಸಂಜೆ ಛಾವಣಿಯನ್ನು ಗೋಡೆಗೆ ಆನಿಸಿ ಇಟ್ಟಿದ್ದರು. ಒಳಬದಿಯ ಬಟ್ಟೆಯ ಮೇಲೆ, ಡ್ರೈವರ್ ಸೀಟಿನ ಪಕ್ಕಕ್ಕೆ, ಎಣ್ಣೆಯ ಮಾಸಲು ಗುರುತೊಂದಿತ್ತು. ಡಾಕ್ಟರು ಎತ್ತರದವರು, ಹೆಂಡತಿಯ ಪಕ್ಕದಲ್ಲಿ ಕೂತಾಗ ಅವರ ತಲೆ ಅಲ್ಲಿಗೆ ತಾಗುತ್ತಿತ್ತು. ವೈನಿ ಹೊರಬಂದು ಆ ಗುರುತಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು… ಆಮೇಲೆ ಒಳಗೆ ಹೋದರು. ಛಾವಣಿಯನ್ನು ವೆಲ್ಡರನೇ ರಾಮದುರ್ಗಕ್ಕೆ ಒಯ್ದ.

ತಾಡಪತ್ರಿಯ ಹುಡ್ಡಿನ ವಿಷಯ ಕೇಳಬೇಡಿ. ಸವದತ್ತಿಯ ಹಾದಿಯಲ್ಲಿ ಗಾಡಿ ಮೊದಲ ಸಲ ವೇಗ ಹಿಡಿದಾಗಲೇ ಅದು ಹಾರಿ ಜೋಳದ ಹೊಲಕ್ಕೆ ಬಿತ್ತು. ವಕೀಲರು ಗಾಳಿಯನ್ನು ಬೈದರು. ಕೆಲವೇ ದಿನಗಳಲ್ಲಿ ಬಾಗಿಲು ಹಾಕಲು ಎತ್ತಿ ಒತ್ತಬೇಕಾಯಿತು. “ಹೊಸಾ ಚಪ್ಪಲಿ ಕಚ್ಚೂದಿಲ್ಲೇನು? ಹಂಗ ಇದು,” ಎಂದರು. ಯಾವ ಮೂರ್ಖತನಕ್ಕೂ ಅವರಲ್ಲಿ ಒಂದು ಉಪಮೆ ಸಿದ್ಧವಾಗಿರುತ್ತಿತ್ತು.

ಸಮಾವೇಶದ ದಿನ ಬಸ್ಸು ತುಂಬಿಸಲು ಹೆಂಗಸರು ಬೇಕಾಗಿದ್ದರು. ವೈನಿಯನ್ನೂ ಹತ್ತಿಸಿದರು, ನನ್ನನ್ನೂ ಹತ್ತಿಸಿದರು. ಕಿತ್ತೂರಿನಲ್ಲಿ ನಾವು ಮೆರವಣಿಗೆಯಲ್ಲಿ ಕಾರಿನಿಂದ ತುಸು ಹಿಂದಿದ್ದೆವು. ಮುಂದೆ ನೀಲಿ ಕಾರು, ಹಿಂದಿನ ಸೀಟಿನ ಮೇಲೆ ನಿಂತ ಮುಖ್ಯ ಅತಿಥಿ, ಪಕ್ಕದಲ್ಲಿ ವಕೀಲರು. ಮುಂದಿನ ಸೀಟಿನಲ್ಲಿ ಬಾಡಿಗೆಯ ಡ್ರೈವರನ ಜೊತೆಗೆ ದಪ್ಪನೆಯ ಮುಖಂಡರೊಬ್ಬರು. ಹೂವಿನ ಹಾರಗಳ ಭಾರ ಬೇರೆ. ಕೋಟೆಯ ಕಡೆಗೆ ತಿರುಗುವಲ್ಲಿ ರಸ್ತೆಗೊಂದು ಉಬ್ಬು. ಕಾರು ಅದನ್ನು ಹತ್ತಿ ಇಳಿಯಿತು. ಟೊಂಗೆ ಮುರಿದಂಥ ಸದ್ದು. ಗಾಡಿಯ ನಡು ತೊಟ್ಟಿಲಿನ ಹಾಗೆ ಕೆಳಗೆ ಜಗ್ಗಿತು. ವಕೀಲರು ಅತಿಥಿಯ ಮೈಮೇಲೆ ಬಿದ್ದರು. ಬಾಗಿಲು ಎರಡೂ ಕಚ್ಚಿಕೊಂಡವು. ಅತಿಥಿಯನ್ನು ನಾಲ್ಕು ಜನ ಹೆಸರುಕಾಳಿನ ಚೀಲದಂತೆ ಎತ್ತಿ ಇಳಿಸಿ ಬೇರೆ ಜೀಪಿನಲ್ಲಿ ಕೂಡಿಸಿದರು. ಅವರು ಹಿಂದಿರುಗಿ ನೋಡಲಿಲ್ಲ. ಮುಖಂಡರೂ ಹಾಗೇ ಇಳಿದುಹೋದರು, ಡ್ರೈವರ್ ಜನರ ನಡುವೆ ಮಾಯವಾದ.

ಬ್ಯಾಂಡು ನಿಂತಿತು. ನಡುರಸ್ತೆಯಲ್ಲಿ ಕಾರು, ಹಿಂದೆ ಸಾವಿರಾರು ಜನ. ವಕೀಲರು ಗುಂಪನ್ನು ಸೀಳಿಕೊಂಡು ನಮ್ಮ ಹತ್ತಿರ ಬಂದರು. ಅವರ ಹಣೆಯ ಕುಂಕುಮ ಬೆವರಿಗೆ ಇಳಿದು ಮೂಗಿನ ತನಕ ಬಂದಿತ್ತು.

“ವೈನಿ, ಒಂದೀಟು ಬದಿಗೆ ತಗೀರಿ. ನಿಮಗ ಅದರ ರೂಢಿ ಐತಿ. ಮಂದಿ ನೋಡಾಕ ಹತ್ಯಾರ.”

“ಮಂದಿ ನೋಡ್ಲಿ ಅಂತನ ಕೊಯ್ಸಿದ್ದಲ್ಲಪಾ?” ಎಂದರು ವೈನಿ. ದನಿ ಏರಿರಲಿಲ್ಲ. ಕೈ ಚಾಚಿದರು. ವಕೀಲರು ಕೀಲಿ ಕೊಟ್ಟರು.

ವೈನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲ ಮೇಲಿಂದ ಕಾಲು ಹಾಕಿ ಒಳಗೆ ಇಳಿದರು. ಇಡೀ ಮೆರವಣಿಗೆಯ ಎದುರಿಗೆ. “ಅಕ್ಕೋರ, ಹತ್ರಿ,” ಎಂದರು. ನಾನೂ ಹಾಗೇ ಹತ್ತಿದೆ. ಗಾಡಿ ಬದಿಗೆ ಬಂತು, ಆದರೆ ಬದಿಯಲ್ಲಿ ನಿಲ್ಲಲಿಲ್ಲ. ಹಿಂದೆ ವಕೀಲರು “ವೈನಿ! ವೈನಿ!” ಎನ್ನುವುದು ಸ್ವಲ್ಪ ದೂರದ ತನಕ ಕೇಳಿಸಿತು.

ಬೈಲಹೊಂಗಲದ ತನಕ ಎತ್ತಿನ ಬಂಡಿಯ ನಡಿಗೆ. ಕೆಳಗೆ ತಗಡು ಕಿರ್ ಎಂದು ನರಳುತ್ತಿತ್ತು. ತಗ್ಗು ಬಂದಲ್ಲೆಲ್ಲ ವೈನಿ ಉಸಿರು ಹಿಡಿದು, ಬಸುರಿ ಹೆಂಗಸನ್ನು ದವಾಖಾನೆಗೆ ಒಯ್ಯುವವರಂತೆ ಇಳಿಸಿ ಹತ್ತಿಸುತ್ತಿದ್ದರು. ಹೊಲದಲ್ಲಿ ಕಳೆ ಕೀಳುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ನೋಡಿದರು. ತಲೆಯ ಮೇಲೆ ಪೂರಾ ಆಕಾಶ. ವೈನಿ ಒಮ್ಮೆಯೂ ಮೇಲೆ ನೋಡಲಿಲ್ಲ. ಊರು ಕಂಡಾಗ ಡಾಕ್ಟರನ್ನು ನೆನೆದು ಒಂದೇ ಮಾತು ಹೇಳಿದರು: “ಅವರಿಗೆ ಇದು ಕಾಣೂದು ತಪ್ಪಿತು ನೋಡ್ರಿ ಅಕ್ಕೋರ, ಪುಣ್ಯಾತ್ಮರು…”

ಮರುದಿನದಿಂದ ವಕೀಲರು ಹೊಸ ಕಥೆ ಶುರು ಮಾಡಿದರು. ಕಾರು ಚೆನ್ನಾಗೇ ಇತ್ತಂತೆ. ಸಣ್ಣ ರಿಪೇರಿಯ ಕೆಲಸವಂತೆ. ವೈನಿ ಹಟ ಮಾಡಿ ಅಷ್ಟು ದೂರ ಹೊಡೆದು ನಡು ಮುರಿದರಂತೆ. ಕೋರ್ಟಿನಲ್ಲಿ ಎಂದೂ ಗೆಲ್ಲದ ವಕೀಲರು ಈ ಮೊಕದ್ದಮೆಯನ್ನು ಮಾತ್ರ ಗೆದ್ದರು. ‘ಹೆಣ್ಣುಮಗಳು ಗಾಡಿ ಹೊಡದ್ರ ಹಿಂಗ’ ಎನ್ನುವುದು ಊರಿನಲ್ಲಿ ಗಾದೆಯೇ ಆಯಿತು. ನೀವಾದರೂ ಖರೆ ಏನೆಂದು ಹೇಳಬಾರದೇ ಎಂದು ನಾನು ವೈನಿಯನ್ನು ಕೇಳಿದೆ. “ಅಕ್ಕೋರ, ಮಂದಿಗೆ ಕತಿ ಬೇಕು. ಕಾರು ಯಾರಿಗೆ ಬೇಕಾಗೇತಿ?” ಎಂದರು.

ಕಾರನ್ನು ವಕೀಲರು ಗುಜರಿಗೆ ಹಾಕಿದರು. ವೈನಿ ತವರಿಗೆ, ಸುರೇಬಾನಕ್ಕೆ ಹೋದರು. ಮತ್ತೆ ಯಾವ ಗಾಡಿಯ ಸ್ಟೇರಿಂಗನ್ನೂ ಮುಟ್ಟಲಿಲ್ಲ. ನಾನು ರಜೆಯಲ್ಲಿ ಹೋಗಿ ನೋಡಿಬರುತ್ತಿದ್ದೆ, ಆಮೇಲೆ ಅದೂ ಕಡಿಮೆಯಾಯಿತು… ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಎಲ್ಲ ಮುಗಿದ ಮೇಲೆ.

ಈ ಚಳಿಗಾಲದಲ್ಲಿ ವಕೀಲರೂ ಹೋದರು. ಅಳು ಬರಲಿಲ್ಲ, ಬಂದೀತೆಂದು ನಾನು ಕಾಯಲೂ ಇಲ್ಲ. ಆದರೂ ನೆರೆಯ ಋಣವೆಂದು ಶ್ರದ್ಧಾಂಜಲಿ ಸಭೆಗೆ ಹೋಗಿ ಹಿಂದೆ ಕೂತೆ. ಮುಖಂಡರೊಬ್ಬರು ಮೈಕು ಹಿಡಿದು, ವಕೀಲರ ದೊಡ್ಡತನಕ್ಕೆ ಆ ಕಾರಿನ ಕಥೆಯನ್ನೇ ಹೇಳಿದರು. ಅಂಥ ಬೆಲೆಬಾಳುವ ಗಾಡಿಯನ್ನು ಮನೆಯ ಹೆಣ್ಣುಮಗಳು ಮುರಿದರೂ ಅವರು ಒಂದು ಮಾತು ಆಡಲಿಲ್ಲವಂತೆ. ಸಭೆ ಮೆಲ್ಲಗೆ ನಕ್ಕಿತು. ನನಗೆ ಮೊಣಕಾಲು ನೋವು, ಏಳಲು ಹೊತ್ತು ಹಿಡಿಯುತ್ತದೆ. ಎದ್ದೆ.

“ಮುರದಾಕಿ ಆಕಿ ಅಲ್ರಿ. ಮುರದದ್ದನ್ನ ಮನಿಗೆ ತಂದಾಕಿ. ಕೊಯ್ಸಿ ಮುರದವರು ಇವರು,” ಎಂದು ಹಾರ ಹಾಕಿದ ಫೋಟೋದ ಕಡೆಗೆ ಕೈ ಮಾಡಿದೆ. “ನಾ ಆ ಗಾಡ್ಯಾಗ ಇದ್ದೆ.”

ಸಭೆಯ ಅಧ್ಯಕ್ಷರು, “ಅಕ್ಕೋರಿಗೆ ದುಃಖ ಭಾಳ ಆಗೇತಿ, ಕುಂತ್ಕೊಳ್ರಿ,” ಎಂದರು. ಮೈಕು ಮುಂದಿನವರ ಕೈಗೆ ಹೋಯಿತು.

ನಾನು ಕೂರಲಿಲ್ಲ, ಹೊರಗೆ ಬಂದೆ. ಚಪ್ಪಲಿ ಹುಡುಕುತ್ತಿದ್ದಾಗ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಹಿಂದೆಯೇ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ ಇರಬೇಕು, ಗುರುತು ಸಿಗಲಿಲ್ಲ.

“ಅಕ್ಕೋರ, ಹಂಗಾರ ಅವರು ಖರೇನ ಇದ್ರೇನ್ರಿ? ನಾ ಸಣ್ಣಾಕಿದ್ದಾಗ ನೀಲಿ ಕಾರ್ ಹೊಡಕೊಂಡ ಹೋಗಾಕಿನ್ನ ನೋಡೇನಿ ಅಂದ್ರ ನಮ್ಮ ಮನ್ಯಾಗ ಯಾರೂ ನಂಬೂದಿಲ್ರಿ.”

“ಇದ್ರವಾ,” ಎಂದೆ.

ಅವರ ಹೆಸರೇನೆಂದು ಕೇಳಿದಳು. ಹೇಳಿದೆ. ಎಷ್ಟೋ ವರ್ಷಗಳಿಂದ ಆ ಹೆಸರನ್ನು ನಾನು ಯಾರೆದುರಿಗೂ ಹೇಳಿರಲಿಲ್ಲ. ಅದು ಅರ್ಧದಲ್ಲೇ ನಿಂತಿತು, ಮತ್ತೊಮ್ಮೆ ಹೇಳಬೇಕಾಯಿತು.