ಬಾಲಪ್ಪನ ಎರಡನೆಯ ಬಾಟಲಿ

ಹನುಮಸಾಗರದ ಬಾಲಪ್ಪ ದಿನಾ ಬೆಳಿಗ್ಗೆ ದೊಡ್ಡಿಯಿಂದ ಕುರಿ ಬಿಡುವ ಮೊದಲು ಹಿಕ್ಕೆ ನೋಡುತ್ತಾನೆ. ನೋಡುವುದೇನು, ಬೆರಳಲ್ಲಿ ಹಿಸುಕಿ ಮೂಸುತ್ತಾನೆ. ಯಾವ ಕುರಿಯ ಹೊಟ್ಟೆ ಕೆಟ್ಟಿದೆ, ಯಾವುದಕ್ಕೆ ಹುಳದ ಔಷಧ ಬೇಕು ಎಂಬುದು ಅವನಿಗೆ ಅಲ್ಲೇ ತಿಳಿದುಬಿಡುತ್ತದೆ. ಬಿಸಿ ರೊಟ್ಟಿ, ಪುಂಡಿಪಲ್ಲೆ, ಎಪ್ಪತ್ತು ಕುರಿ, ಮಾತಿಗೆ ಮಾತು ಕೊಡುವ ಹೆಂಡತಿ ಹಂಪವ್ವ. ಅರವತ್ತೆರಡರ ಈ ಮನುಷ್ಯನಿಗೆ ಇಷ್ಟಿದ್ದರೆ ಸಾಕು.

ಇಂಥವನು, ಹೋದ ವರ್ಷ ಆರೋಗ್ಯ ಕಾರ್ಯಕರ್ತೆ ನಾಹೀದಾ ಕರುಳಿನ ಕ್ಯಾನ್ಸರ್ ತಪಾಸಣೆಗೆ ಮಲ ಹಾಕಿಕೊಡಿ ಎಂದು ಡಬ್ಬಿ ಕೊಟ್ಟಾಗ ಮುಖ ಕಿವುಚಿ ಹಿಂದಿರುಗಿಸಿದ್ದ. ಹಿಕ್ಕೆ ಮೂಸುವ ಮಹಾರಾಯನಿಗೆ ತನ್ನದು ಮಾತ್ರ ಹೇಸಿಗೆ! ಈ ಸಲ ಅವಳು ಬೇರೆ ಸುದ್ದಿ ತಂದಳು. ಮೂತ್ರದಲ್ಲೇ ಆ ರೋಗದ ಸುಳಿವು ಸಿಗುತ್ತದೆಯೇ ಎಂದು ವೈದ್ಯರು ಪರೀಕ್ಷಿಸಿ ನೋಡುತ್ತಿದ್ದಾರಂತೆ, ಐವತ್ತು ದಾಟಿದವರು ಮನಸ್ಸಿದ್ದರೆ ಕೊಡಬಹುದಂತೆ. ಅಷ್ಟೇ ತಾನೆ ಎಂದು ಬಾಲಪ್ಪ ಒಪ್ಪಿದ.

ಆದರೆ ಅವಳು ಕೊಟ್ಟ ಬಾಟಲಿ ಭಾರಿ ಚಂದವಿತ್ತು. ಗಟ್ಟಿ ಮುಚ್ಚಳ, ಅಳತೆಯ ಗೆರೆ, ಮರಿಗಳಿಗೆ ಔಷಧ ಕುಡಿಸಲು ಹೇಳಿ ಮಾಡಿಸಿದಂತಿತ್ತು. ಅದನ್ನು ದೊಡ್ಡಿಯಲ್ಲಿ ಎತ್ತಿಟ್ಟ. ಅದರ ಮೇಲಿದ್ದ ಹೆಸರಿನ ಚೀಟಿಯನ್ನು ಕಿತ್ತು ಹುಳದ ಔಷಧದ ಹಳೇ ಬಾಟಲಿಗೆ ಅಂಟಿಸಿ, ತನ್ನದನ್ನು ತುಂಬಿ, ನಾಚಿಕೆಗೆ ಚೀಲದಲ್ಲಿ ಸುತ್ತಿ ಕೊಟ್ಟ. ವಾರ ಬಿಟ್ಟು ನಾಹೀದಾ ಬಂದು, ಇದರಲ್ಲಿ ಯಾವುದೋ ಔಷಧ ಬೆರೆತಿದೆ, ಕೆಲಸಕ್ಕೆ ಬಾರದು ಎಂದಾಗ ಹಂಪವ್ವ ಗುಟ್ಟು ಒಡೆದಳು. ನಾಹೀದಾ ನಕ್ಕು ನಕ್ಕು ಸುಸ್ತಾಗಿ ಇನ್ನೊಂದು ಬಾಟಲಿ ಕೊಟ್ಟಳು.

ಆ ಎರಡನೆಯ ಬಾಟಲಿ ಸುಳ್ಳು ಹೇಳಲಿಲ್ಲ. ಏನೋ ಅನುಮಾನವಿದೆ, ಕೊಪ್ಪಳದ ಆಸ್ಪತ್ರೆಗೆ ಹೋಗಿ ಕರುಳಿಗೆ ಕ್ಯಾಮೆರಾ ಹಾಕಿಸಿ ನೋಡಬೇಕು ಎಂಬ ಮಾತು ವೈದ್ಯರಿಂದ ಬಂತು. ಬಾಲಪ್ಪ ಸುತರಾಂ ಒಪ್ಪಲಿಲ್ಲ. ಹಂಪವ್ವ ಅವನನ್ನು ಹೊರಸಿನ ಮೇಲೆ ಕೂರಿಸಿ ಕೇಳಿದಳು.

"ಹಿಕ್ಕ್ಯಾಗ ರಕ್ತ ಕಂಡ್ರ ಕುರೀನ ಏನ್ ಮಾಡ್ತಿ?"

"ಅವತ್ತ ದವಾಖಾನಿಗಿ ಒಯ್ತೀನಿ," ಎಂದ. ಆಮೇಲೆ ನೆಲ ನೋಡುತ್ತ ಹೇಳಿದ. "ನನಗ ಎರಡ ತಿಂಗಳಿಂದ ಕಾಣಾಕತ್ತೈತಿ. ಕುರೀದಾಗಿದ್ರ ಅವತ್ತ ಹೇಳ್ತಿದ್ದೆ."

ಮಾತಿಗೆ ಮಾತು ಕೊಡುವ ಹಂಪವ್ವ ಅಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರುದಿನ ಇಬ್ಬರೂ ಮೊದಲ ಬಸ್ಸು ಹತ್ತಿದರು.

ಕರುಳಲ್ಲಿ ಶೇಂಗಾ ಬೀಜದಷ್ಟು ಗಂಟು ಸಿಕ್ಕಿತು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ದರೆ ಆಗುತ್ತಿತ್ತೇನೋ ಎಂದರು ಡಾಕ್ಟರು. ಕ್ಯಾಮೆರಾ ಹಾಕಿದಾಗಲೇ ಅದನ್ನು ತೆಗೆದೂಬಿಟ್ಟರು.

ಈಗ ಬಾಲಪ್ಪನಿಗೆ ನಾಚಿಕೆ ಪೂರ್ತಿ ಹೋಗಿದೆ. ಹಂಪವ್ವ ರೊಟ್ಟಿ ಬಡಿಯುವ ಹೊತ್ತಿಗೇ ಬಾಗಿಲಲ್ಲಿ ನಿಂತು, ಮೊದಲು ಕುರಿಗಳದು, ಆಮೇಲೆ ತನ್ನದು, ದಿನದ ವರದಿ ಒಪ್ಪಿಸುತ್ತಾನೆ. ಒಂದು ದಿನ ಮರೆತರೆ ಅವಳೇ ಕೇಳುತ್ತಾಳೆ.